ಕೂಡಿ ದುಡಿಯುವ ವಿಧಾನ: ಪೀಣ್ಯದ ಷೆಡ್ಡುಗಳು ಕಲಿಸುವ ಪಾಠ

ಹತ್ತು ಮಂದಿ ಸಮರ್ಥರು ಸೇರಿ ಒಂದು ಕಾರ್ಯವನ್ನು ಕೈಗೊಂಡರೆಂದು ಭಾವಿಸೋಣ. ಪ್ರತಿಯೊಬ್ಬರೂ ತಮಗೆ ಒಪ್ಪಿಸಿದ ಭಾಗವನ್ನು ಲೋಪವಿಲ್ಲದೆ ಪೂರೈಸಿದರು. ಆದರೆ ಭಾಗಗಳನ್ನೆಲ್ಲ ಒಂದುಗೂಡಿಸಿದಾಗ ಕಾರ್ಯವು ಕೆಟ್ಟಿತು. ಇದು ಸಾಧ್ಯವೇ? ಸಾಧ್ಯವೆಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿಯೇ ನಿದರ್ಶನಗಳುಂಟು. ಹಲವರು ಕೂಡಿ ನಡೆಸುವ ಯೋಜನೆಯಲ್ಲಿ ದೋಷವು ಅನೇಕ ವೇಳೆ ಭಾಗಗಳ ಒಳಗೆ ಇರುವುದಿಲ್ಲ. ಒಂದು ಭಾಗವು ಮತ್ತೊಂದನ್ನು ಸಂಧಿಸುವೆಡೆಯಲ್ಲಿ ಅಡಗಿರುತ್ತದೆ. ಆ ಸಂಧಿಯನ್ನು ಕಾಯತಕ್ಕದ್ದು ಜನರ ನಡುವಣ ಮಾಹಿತಿಯ ವಿನಿಮಯ. ಇದನ್ನು ಕೇವಲ ಸೌಜನ್ಯದ ವಿಷಯವೆಂದು ಎಣಿಸಬಾರದು. ಯಂತ್ರದ ತಿರುಪಿನಂತೆ, ತಂತಿಯಂತೆ, ಇದೂ ಯೋಜನೆಯ ಒಂದು ಅಂಗವೇ ಆಗಿದೆ.

ಮಾತಿನ ದಾರಿಗಳ ಲೆಕ್ಕ

ಮೊದಲು ಸ್ವಲ್ಪ ಗಣಿತವನ್ನು ನೋಡೋಣ. ಇಬ್ಬರ ನಡುವೆ ಮಾತಿನ ದಾರಿ ಒಂದೇ. ಮೂವರಿದ್ದರೆ ಮೂರು ದಾರಿಗಳು, ನಾಲ್ವರಿದ್ದರೆ ಆರು. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಮೆಯಾದ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದಾರಿಗಳ ಸಂಖ್ಯೆ ದೊರೆಯುತ್ತದೆ. ಹತ್ತು ಮಂದಿಗೆ 45 ದಾರಿಗಳು, ಐವತ್ತು ಮಂದಿಗೆ 1,225. ಅಂದರೆ ಜನರು ಐದು ಪಟ್ಟು ಹೆಚ್ಚಿದರೆ ದಾರಿಗಳು ಸುಮಾರು ಇಪ್ಪತ್ತೇಳು ಪಟ್ಟು ಹೆಚ್ಚುತ್ತವೆ. ತಡವಾಗಿರುವ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂದು ಅಮೆರಿಕದ ಗಣಕ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೇಳಿದ್ದರ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಇದಕ್ಕೆ ಪರಿಹಾರವೇನು? ಐವತ್ತು ಮಂದಿಯನ್ನು ಹತ್ತು ಹತ್ತು ಜನರ ಐದು ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಬ್ಬ ಮುಖ್ಯಸ್ಥನನ್ನು ನೇಮಿಸೋಣ. ಐದೂ ಗುಂಪುಗಳ ಒಳಗಿನ ದಾರಿಗಳು ಒಟ್ಟು 225. ಮುಖ್ಯಸ್ಥರ ನಡುವೆ 10. ಒಟ್ಟು 235 ದಾರಿಗಳಲ್ಲಿ ಕೆಲಸವು ಸಾಗುತ್ತದೆ. ಆದರೆ ಲಾಭದ ಜೊತೆಯಲ್ಲಿಯೇ ಅಪಾಯವೂ ಬಂದಿತೆಂಬುದನ್ನು ಗಮನಿಸಬೇಕು. ಮೊದಲು ಒಂದು ಗುಂಪಿನವರಿಂದ ಮತ್ತೊಂದು ಗುಂಪಿನವರಿಗೆ ಸಾವಿರ ದಾರಿಗಳಿದ್ದವು. ಈಗ ಇರುವುದು ಹತ್ತೇ. ಗುಂಪನ್ನು ದಾಟಬೇಕಾದ ಸಂಗತಿಗಳೆಲ್ಲ ಈ ಹತ್ತು ದಾರಿಗಳಲ್ಲಿಯೇ ಹಾಯಬೇಕು. ಅವುಗಳಲ್ಲಿ ಒಂದು ಮುಚ್ಚಿಹೋದರೂ ಎರಡು ಗುಂಪುಗಳು ಒಂದನ್ನೊಂದು ಅರಿಯದೆ ದುಡಿಯತೊಡಗುತ್ತವೆ.

ಪೀಣ್ಯದಲ್ಲಿ ಕಟ್ಟಿದ ಉಪಗ್ರಹ

ಈ ಲೆಕ್ಕಕ್ಕೆ ಜೀವವಿರುವ ಉದಾಹರಣೆಯನ್ನು ಹುಡುಕಿಕೊಂಡು ನಾವು ಬಹು ದೂರ ಹೋಗಬೇಕಾಗಿಲ್ಲ. ಮತ್ತಿಕೆರೆಯಿಂದ ಯಶವಂತಪುರದ ಮಾರ್ಗವಾಗಿ ತುಮಕೂರು ರಸ್ತೆಯನ್ನು ಹಿಡಿದರೆ ಕೆಲವೇ ಕಿಲೋಮೀಟರುಗಳಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಭಾರತದ ಪ್ರಥಮ ಉಪಗ್ರಹವಾದ ಆರ್ಯಭಟವು ರೂಪುಗೊಂಡದ್ದು ಅಲ್ಲಿನ ಷೆಡ್ಡುಗಳಲ್ಲಿ. 1972ರ ಮೇ ತಿಂಗಳಿನಲ್ಲಿ ಭಾರತಕ್ಕೂ ಸೋವಿಯತ್ ಒಕ್ಕೂಟಕ್ಕೂ ಒಪ್ಪಂದವಾಯಿತು: ಉಪಗ್ರಹವನ್ನು ನಾವು ಕಟ್ಟುವುದು, ಅವರು ತಮ್ಮ ರಾಕೆಟ್ಟಿನಲ್ಲಿ ಹಾರಿಸುವುದು. ಕಾರ್ಯದ ನೇತೃತ್ವವನ್ನು ವಹಿಸಿದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು. ಅವರೊಡನೆ ದುಡಿದವರಲ್ಲಿ ಬಹುಪಾಲು ಮಂದಿ ಉಪಗ್ರಹವೊಂದನ್ನು ಕಟ್ಟಿದ ಅನುಭವವೇ ಇಲ್ಲದ ತರುಣರು. ಮೂರು ವರ್ಷಗಳೊಳಗೆ, 1975ರ ಏಪ್ರಿಲ್ 19ರಂದು, ಕಪೂಸ್ಟಿನ್ ಯಾರ್ ಎಂಬಲ್ಲಿಂದ ಆರ್ಯಭಟವು ಕಕ್ಷೆಯನ್ನು ಸೇರಿತು.

ಅದರ ತೂಕ ಸುಮಾರು 360 ಕಿಲೋಗ್ರಾಂ. ಆಕಾರವು ಇಪ್ಪತ್ತಾರು ಮುಖಗಳ ಘನಾಕೃತಿ. ತನ್ನ ಅಕ್ಷದ ಸುತ್ತ ಬುಗುರಿಯಂತೆ ತಿರುಗುತ್ತ ಸ್ಥಿರತೆಯನ್ನು ಕಾಯ್ದುಕೊಳ್ಳುವಂತೆ ಅದನ್ನು ರಚಿಸಲಾಗಿತ್ತು. ಇಂತಹ ಉಪಗ್ರಹದಲ್ಲಿ ಒಂದು ಗುಂಪಿನ ನಿರ್ಧಾರವು ಮತ್ತೊಂದು ಗುಂಪನ್ನು ಹೇಗೆ ತಟ್ಟುವುದೆಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಮನಗಾಣಬಹುದು.

ಒಂದು ಪ್ರಯೋಗದವರು ತಮ್ಮ ಉಪಕರಣದ ಪೆಟ್ಟಿಗೆಯನ್ನು ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಸಬೇಕೆಂದು ಬಯಸುವರೆನ್ನೋಣ. ಅವರ ಪಾಲಿಗೆ ಇದು ಅತಿ ಸಣ್ಣ ಬದಲಾವಣೆ. ಆದರೆ ಪೆಟ್ಟಿಗೆ ಸರಿದೊಡನೆ ಉಪಗ್ರಹದ ಗುರುತ್ವಕೇಂದ್ರವೂ ಸರಿಯುತ್ತದೆ; ಅಕ್ಷದ ಸುತ್ತ ದ್ರವ್ಯವು ಹಂಚಿಕೊಂಡಿರುವ ಬಗೆ ಮಾರ್ಪಡುತ್ತದೆ; ತಿರುಗುವ ಕಾಯವು ತೂರಾಡಬಹುದು. ಆಗ ಸ್ಥಿರತೆಯನ್ನು ನೋಡಿಕೊಳ್ಳುವವರು ಹೊಸದಾಗಿ ಲೆಕ್ಕ ಮಾಡಬೇಕು. ಪೆಟ್ಟಿಗೆಯೊಳಗಿನ ಮಂಡಲವು ಎರಡು ವಾಟ್ ಹೆಚ್ಚು ಬೇಡಿದರೆ ವಿದ್ಯುತ್ ವಿಭಾಗದವರು ಅದನ್ನು ಎಲ್ಲಿಂದಲಾದರೂ ಹೊಂದಿಸಬೇಕು. ಆರ್ಯಭಟಕ್ಕೆ ಒಟ್ಟು ದೊರೆಯುತ್ತಿದ್ದುದೇ ಸುಮಾರು 46 ವಾಟ್, ಸಣ್ಣದೊಂದು ವಿದ್ಯುದ್ದೀಪಕ್ಕೆ ಸಾಲುವಷ್ಟು. ವ್ಯಯವಾದ ವಿದ್ಯುತ್ತು ಶಾಖವಾಗುತ್ತದೆ. ಗಾಳಿಯಿಲ್ಲದ ಆಕಾಶದಲ್ಲಿ ಶಾಖವು ವಹನ ಮತ್ತು ವಿಕಿರಣಗಳಿಂದಲೇ ಹೊರಹೋಗಬೇಕಾದುದರಿಂದ, ಉಷ್ಣತೆಯನ್ನು ಕಾಯುವವರಿಗೂ ಸುದ್ದಿ ಮುಟ್ಟಬೇಕು. ಹೀಗೆ ಒಬ್ಬರು ಬರೆದ ಉತ್ತರವೇ ಇನ್ನೊಬ್ಬರಿಗೆ ಪ್ರಶ್ನೆಯಾಗುತ್ತದೆ.

ಇದಲ್ಲದೆ ಇನ್ನೊಂದು ದೊಡ್ಡ ಸಂಧಿಯಿತ್ತು. ಸೌರಕೋಶದ ಫಲಕಗಳು, ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗಳು, ಉಪಗ್ರಹವನ್ನು ತಿರುಗಿಸುವ ವ್ಯವಸ್ಥೆ, ಟೇಪ್ ರೆಕಾರ್ಡರು ಇವು ಸೋವಿಯತ್ ದೇಶದಿಂದ ಬಂದವು. ಅವನ್ನು ಮಾಡಿದವರ ಭಾಷೆ ಬೇರೆ, ಕೈಬಳಕೆಯ ಪದ್ಧತಿ ಬೇರೆ. ಇಂತಹ ಎಡೆಯಲ್ಲಿ ಕೊಳವೆಯ ಅಳತೆ, ತಂತಿಯ ಜೋಡಣೆ, ವೋಲ್ಟೇಜಿನ ಮಿತಿ ಎಲ್ಲವನ್ನೂ ಬರೆದು, ಇಬ್ಬರೂ ಒಪ್ಪಿ, ಬದಲಾದಾಗಲೆಲ್ಲ ತಿದ್ದಿಡಬೇಕಾಗುತ್ತದೆ. ಬರಿಯ ನೆನಪನ್ನು ನೆಚ್ಚಿ ಉಪಗ್ರಹವನ್ನು ಕಟ್ಟಲಾಗದು. ಪೂರ್ಣ ಉಪಗ್ರಹಕ್ಕೆ ಮುನ್ನ ಹಲವು ಮಾದರಿಗಳನ್ನು ಮಾಡಿ ಪರೀಕ್ಷಿಸುವುದರ ಒಂದು ಪ್ರಯೋಜನವೂ ಇದೇ: ಕಾಗದದ ಮೇಲೆ ಹೊಂದಿದ ಭಾಗಗಳು ಕೈಯಲ್ಲಿಯೂ ಹೊಂದುವುವೇ ಎಂಬುದು ಎಲ್ಲರ ಕಣ್ಣೆದುರು ನಿಶ್ಚಯವಾಗುತ್ತದೆ.

ಆರ್ಯಭಟದ ಬಾಳು ನಿರ್ದೋಷವಾಗಿತ್ತೆಂದು ಹೇಳುವಂತಿಲ್ಲ. ವಿದ್ಯುತ್ ಪೂರೈಕೆಯ ದೋಷದಿಂದಾಗಿ ಕೆಲವೇ ದಿನಗಳಲ್ಲಿ ವೈಜ್ಞಾನಿಕ ಪ್ರಯೋಗಗಳು ನಿಂತುವು. ಆದರೆ ಉಪಗ್ರಹವನ್ನು ಕಟ್ಟಲು ಬಲ್ಲ ಒಂದು ತಂಡ ನಾಡಿನಲ್ಲಿ ಸಿದ್ಧವಾಗಿತ್ತು. 1979ರ ಜೂನ್ 7ರಂದು ಭಾಸ್ಕರ ಉಪಗ್ರಹವು ಕಕ್ಷೆಯನ್ನು ಸೇರಿದ್ದು ಆ ಸಿದ್ಧತೆಯ ಫಲ.

ಒಂದು ಮಾನದ ಬೆಲೆ

ಸಂಧಿಯಲ್ಲಿ ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಅನುಭವವೊಂದನ್ನು ನೋಡೋಣ. 1998ರ ಡಿಸೆಂಬರಿನಲ್ಲಿ ಆ ದೇಶವು ಮಂಗಳ ಗ್ರಹದ ಹವೆಯನ್ನು ಅಭ್ಯಸಿಸಲು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳುಹಿಸಿತು. ದಾರಿಯಲ್ಲಿ ನೌಕೆಯ ಸಣ್ಣ ಎಂಜಿನುಗಳನ್ನು ಆಗಾಗ ಉರಿಸಬೇಕಾಗುತ್ತಿತ್ತು. ಪ್ರತಿ ಸಾರಿಯೂ ನೌಕೆಗೆ ದೊರೆತ ಆವೇಗವನ್ನು, ಅಂದರೆ ಬಲ ಮತ್ತು ಕಾಲಗಳ ಗುಣಲಬ್ಧವನ್ನು, ನೌಕೆಯನ್ನು ನಿರ್ಮಿಸಿದ ಕಂಪನಿಯ ಗಣಕಕ್ರಮವು ಪೌಂಡ್–ಸೆಕೆಂಡುಗಳಲ್ಲಿ ಬರೆದುಕೊಟ್ಟಿತು. ಪಥವನ್ನು ಲೆಕ್ಕ ಹಾಕುವವರು ಅದೇ ಅಂಕಿಗಳನ್ನು ನ್ಯೂಟನ್–ಸೆಕೆಂಡುಗಳೆಂದು ತಿಳಿದು ಬಳಸಿದರು. ಒಂದು ಪೌಂಡ್ ಬಲವು ಸುಮಾರು 4.45 ನ್ಯೂಟನ್ನಿಗೆ ಸಮ. ಆದ್ದರಿಂದ ಪ್ರತಿ ಸಾರಿಯ ತಳ್ಳುವಿಕೆಯೂ ನಿಜವಾದುದರ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಮೆಯೆಂದು ಎಣಿಕೆಗೆ ಬಂದಿತು. 1999ರ ಸೆಪ್ಟೆಂಬರ್ 23ರಂದು ಮಂಗಳದ ಮೇಲೆ ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆಯು ಸುಮಾರು 57 ಕಿಲೋಮೀಟರಿಗೆ ಇಳಿದು ನಷ್ಟವಾಯಿತು.

ಎರಡು ಪಕ್ಷದವರೂ ತಮ್ಮ ಮಟ್ಟಿಗೆ ಗುಣಾಕಾರದಲ್ಲಿ ತಪ್ಪಲಿಲ್ಲವೆಂಬುದನ್ನು ಲಕ್ಷಿಸಬೇಕು. ಅಂಕಿಯು ಗಡಿಯನ್ನು ದಾಟಿತು. ಅದರ ಮಾನವು ಸರಿಯಾದ ರೂಪದಲ್ಲಿ ದಾಟಲಿಲ್ಲ. ಪರೀಕ್ಷೆಯ ಉತ್ತರದಲ್ಲಿ ಮಾನವನ್ನು ಬರೆಯದಿದ್ದರೆ ಅಧ್ಯಾಪಕರು ಅಂಕಗಳನ್ನು ಕಳೆಯುವುದು ವೃಥಾ ಅಲ್ಲ! ಇನ್ನೂ ಮುಖ್ಯವಾದ ಸಂಗತಿಯೊಂದುಂಟು. ಪಥದ ಲೆಕ್ಕದಲ್ಲಿ ಏನೋ ಹೊಂದುತ್ತಿಲ್ಲವೆಂಬ ಶಂಕೆಯು ಕೆಲವರಿಗೆ ಮೊದಲೇ ಹುಟ್ಟಿತ್ತು. ಆದರೆ ಅದು ನಿಯಮಿತ ಕ್ರಮದಲ್ಲಿ ದಾಖಲಾಗಿ, ಉತ್ತರ ಕೊಡಬೇಕಾದವರ ಮೇಜನ್ನು ಸೇರಲಿಲ್ಲ. ತನಿಖೆ ನಡೆಸಿದವರು ಮಾನದ ತಪ್ಪಿನ ಜೊತೆಗೆ ತಂಡಗಳ ನಡುವಣ ಸಂಪರ್ಕದ ಕೊರತೆಯನ್ನೂ ಕಾರಣವಾಗಿ ಎಣಿಸಿದರು.

ಸಂದೇಹವನ್ನು ಹೇಳುವ ಧೈರ್ಯ

ಹಾಗಾದರೆ ಶಂಕೆಯುಳ್ಳವನು ಏಕೆ ಸುಮ್ಮನಿರುತ್ತಾನೆ? ತನ್ನದೇ ತಪ್ಪಿರಬಹುದೆಂಬ ಸಂಕೋಚ, ಹಿರಿಯರ ಮುನಿಸಿನ ಭಯ, ಬೇರೆ ವಿಭಾಗದ ಕೆಲಸ ತನಗೇಕೆಂಬ ಉದಾಸೀನ ಇವೇ ಸಾಮಾನ್ಯ ಕಾರಣಗಳು. ಇವುಗಳಲ್ಲಿ ಭಯವನ್ನು ನೀಗಿಸಬಲ್ಲವನು ನಾಯಕನೇ. ಮತ್ತಿಕೆರೆಯ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನರು 1972ರಿಂದ ಇಸ್ರೋ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ–3 ರಾಕೆಟ್ಟು ಗುರಿ ಮುಟ್ಟದೆ ಬಂಗಾಳ ಕೊಲ್ಲಿಯಲ್ಲಿ ಬಿದ್ದಿತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರೆದುರು ಸೋಲಿನ ಹೊಣೆಯನ್ನು ಹೊತ್ತು ನಿಂತವರು ಧವನರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಮಾತನಾಡಲು ಅವರು ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಇದನ್ನು ಮುಂದೆ ಅನೇಕ ಬಾರಿ ಸ್ಮರಿಸಿದ್ದಾರೆ.

ಇದನ್ನು ಕೇವಲ ಹಿರಿಯರ ಔದಾರ್ಯವೆಂದು ತಿಳಿದು ಬಿಡಬಾರದು. ಇದರಲ್ಲಿ ವಿಜ್ಞಾನದ ಹಿತವೂ ಅಡಗಿದೆ. ಸೋಲಿಗೆ ಶಿಕ್ಷೆಯೇ ಗತಿಯೆಂದಾದರೆ ಪ್ರತಿಯೊಬ್ಬನೂ ತನ್ನ ವಿಭಾಗದ ದೋಷವನ್ನು ಮುಚ್ಚಿಡುವನು. ಕಾರಣವು ಕತ್ತಲಲ್ಲಿಯೇ ಉಳಿದು ಮುಂದಿನ ಹಾರಾಟವನ್ನೂ ಕೆಡಿಸುವುದು. ದೋಷವನ್ನು ನಿರ್ಭಯವಾಗಿ ತೆರೆದಿಟ್ಟರೆ ಮಾತ್ರ ಅದನ್ನು ತಿದ್ದಲು ಸಾಧ್ಯ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ–2ರ ಇಳಿನೌಕೆಯು ಚಂದ್ರನ ಮೇಲೆ ಅಪ್ಪಳಿಸಿದ ಬಳಿಕ ಅದರ ಕಾರಣಗಳನ್ನು ಒಂದೊಂದಾಗಿ ಶೋಧಿಸಿ, ಹೊಸ ನೌಕೆಯ ವಿನ್ಯಾಸವನ್ನು ಏನೇನು ಕೆಡಬಹುದೆಂಬ ಪ್ರಶ್ನೆಯಿಂದಲೇ ಆರಂಭಿಸಲಾಯಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ–3 ಮೆಲ್ಲನೆ ಇಳಿಯಿತು. ಆ ಇಳಿತವನ್ನು ನಿರ್ವಹಿಸಿದ ಕೇಂದ್ರವೂ ಪೀಣ್ಯದಲ್ಲಿಯೇ ಇದೆ.

ಮಾಡಿ ನೋಡತಕ್ಕ ಪ್ರಯೋಗ

ಶಾಲಾ ಕಾಲೇಜುಗಳ ವಿಜ್ಞಾನ ಸಂಘದವರು ಈ ತತ್ತ್ವವನ್ನು ಒಂದು ಗಂಟೆಯಲ್ಲಿ ಪರೀಕ್ಷಿಸಬಹುದು. ಮೂವರು ಮೂವರ ಎರಡು ಗುಂಪುಗಳನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸಿ. ಎರಡು ಮಿಲಿಮೀಟರು ದಪ್ಪದ ರಟ್ಟಿನಿಂದ ಒಂದು ಗುಂಪು ಪೆಟ್ಟಿಗೆಯನ್ನೂ ಮತ್ತೊಂದು ಅದರ ಮುಚ್ಚಳವನ್ನೂ ಮಾಡಲಿ. ಎರಡೂ ಗುಂಪುಗಳಿಗೆ “ಉದ್ದ 12, ಅಗಲ 8” ಎಂದಷ್ಟೇ ಬರೆದ ಚೀಟಿಯನ್ನು ಕೊಡಿ. ಒಬ್ಬರು ಇದನ್ನು ಒಳ ಅಳತೆಯೆಂದೂ ಇನ್ನೊಬ್ಬರು ಹೊರ ಅಳತೆಯೆಂದೂ ತಿಳಿದರೆ, ಎರಡು ಗೋಡೆಗಳ ದಪ್ಪ ಸೇರಿ ನಾಲ್ಕು ಮಿಲಿಮೀಟರು ಅಂತರ ಬೀಳುತ್ತದೆ. ಸೆಂಟಿಮೀಟರೋ ಅಂಗುಲವೋ ಎಂಬ ಶಂಕೆ ಬೇರೆ. ಎರಡನೆಯ ಸಾರಿ ರಟ್ಟನ್ನು ಕತ್ತರಿಸುವ ಮುನ್ನ ಎರಡು ಗುಂಪುಗಳೂ ಐದು ನಿಮಿಷ ಎದುರೆದುರು ಕುಳಿತು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಒಪ್ಪಿದ ಅಳತೆಗಳನ್ನು ಮಾನದೊಡನೆ ಬರೆದು ಇಬ್ಬರೂ ಸಹಿ ಹಾಕಲಿ. ಎರಡು ಸಾರಿಯ ಪೆಟ್ಟಿಗೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಮಾತಿಗೆ ಕೊಟ್ಟ ಆ ಐದು ನಿಮಿಷ ನಷ್ಟವಾಯಿತೇ ಉಳಿತಾಯವಾಯಿತೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ನಿರ್ಣಯಿಸಬಹುದು.