ದೊಡ್ಡ ಒಲೆಗೆ ಎಂಥ ಚಿಮ್ನಿ?

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅನಿವಾರ್ಯವೆನ್ನುವ ಆರು ವಿಷಯಗಳಲ್ಲಿ ಮೊದಲನೆಯದು ಗಾಳಿ. ಆದರೂ ಅಡುಗೆಮನೆಯ ಗಾಳಿಯನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಬಿರಿಯಾನಿಗೆ ಈರುಳ್ಳಿ, ಇಫ್ತಾರಿಗೆ ಸಮೋಸ ಕರಿಯುವಾಗ ಏಳುವ ಹೊಗೆಯಲ್ಲಿ ಕಣ್ಣಿಗೆ ಕಾಣದ ಕಣಗಳಿವೆ. ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಬೇರೆ. ಉಬ್ಬಸವಿರುವವರಿಗೆ ಎರಡೂ ಕೆಡುಕು.

ನಾಲ್ಕೈದು ಬರ್ನರ್‌ಗಳ ಒಲೆಗೆ 60 ಸೆಂ.ಮೀ. ಚಿಮ್ನಿ ಸಾಲದು. ಒಲೆಯಷ್ಟಾದರೂ ಅಗಲವಿರಲಿ, ಸಾಮಾನ್ಯವಾಗಿ 90 ಸೆಂ.ಮೀ. ಒಲೆಯಿಂದ 65–75 ಸೆಂ.ಮೀ. ಎತ್ತರದಲ್ಲಿ ಕೂರಿಸಿ. ಡಬ್ಬದ ಮೇಲಿನ 1,200, 1,400 ಎಂಬ ಸಂಖ್ಯೆ ಗಂಟೆಗೆ ಎಷ್ಟು ಘನಮೀಟರ್ ಗಾಳಿ ಎಳೆಯುತ್ತದೆಂಬ ಲೆಕ್ಕ. ಅಂಗಡಿಯವರು ಇದನ್ನು ಹೇಳುತ್ತಾರೆ, ಪೈಪಿನಲ್ಲಿ ತಿರುವು ಹೆಚ್ಚಿದಷ್ಟೂ ಎಳೆತ ಕುಗ್ಗುತ್ತದೆಂದು ಹೇಳುವುದಿಲ್ಲ. ಪೈಪಿಲ್ಲದ, ಇದ್ದಿಲು ಫಿಲ್ಟರಿನ ಚಿಮ್ನಿ ವಾಸನೆ ತಗ್ಗಿಸೀತು. ಬಿಸಿ, ಆವಿ, ಕಾರ್ಬನ್ ಮೊನಾಕ್ಸೈಡ್ ಒಳಗೇ ಉಳಿಯುತ್ತವೆ. ನಾನಂತೂ ಬೇಡವೆನ್ನುತ್ತೇನೆ.

ವಿಜಯನಗರ, ರಾಜಾಜಿನಗರದ 20×30 ಅಡಿ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿದಂತೆ ಮನೆಗಳು. ಪೈಪಿನ ಬಾಯಿ ನೆರೆಮನೆಯ ಕಿಟಕಿಗೆ ಎದುರಾಗಬಾರದು. ಬೇರೆ ದಾರಿಯಿಲ್ಲದಿದ್ದರೆ ಪೈಪನ್ನು ನೇರವಾಗಿ ತಾರಸಿಗೆ ಒಯ್ಯಿರಿ.

ಚಿಮ್ನಿ ಓಡುವಾಗ ಕಿಟಕಿ ತೆರೆದಿಡಿ. ಎಲ್ಲವನ್ನೂ ಮುಚ್ಚಿದರೆ ಅದು ಸಿಕ್ಕಲ್ಲಿಂದ ಗಾಳಿ ಎಳೆಯುತ್ತದೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅದರ ವಿಷಾನಿಲವೂ ಮನೆಯೊಳಗೆ ಬಂದೀತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ.

ಫಿಲ್ಟರು ಜಾಲರಿಯದ್ದಾದರೆ ಕರಿದ ಎಣ್ಣೆಗೆ ಬೇಗ ಕಟ್ಟಿಕೊಳ್ಳುತ್ತದೆ, ಬ್ಯಾಫಲ್ ಫಿಲ್ಟರ್ ಮೇಲು. ತಿಂಗಳಿಗೊಮ್ಮೆ ಬಿಸಿನೀರು, ಸಾಬೂನಿನಲ್ಲಿ ತೊಳೆಯಿರಿ, ರಮಝಾನಿನಲ್ಲಿ ವಾರಕ್ಕೊಮ್ಮೆ.