ಹಿಮದ ರಾತ್ರಿಯಲ್ಲಿ ಸಸಿಗಳಿಗೆ ಬೆಳೆ ತ್ಯಾಜ್ಯದ ಹೊದಿಕೆ

ನೀಲಗಿರಿಯ ತಗ್ಗು ಕಣಿವೆಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗುತ್ತದೆ. ಚಹಾ, ಆಲೂಗಡ್ಡೆ ಮತ್ತು ತರಕಾರಿ ಸಸಿಗಳ ಎಲೆಗಳು ಒಂದೇ ರಾತ್ರಿಯಲ್ಲಿ ಸುಟ್ಟಂತೆ ಕಪ್ಪಾಗುತ್ತವೆ. ಬತ್ತದ ಹುಲ್ಲು, ಕಬ್ಬಿನ ರವದಿ, ಜೋಳದ ದಂಟುಗಳಿಂದ ಸಸಿಗಳನ್ನು ಕಾಪಾಡಬಹುದು. ಆದರೆ ಅವುಗಳನ್ನು ಹಾಕುವ ಜಾಗ ತಪ್ಪಿದರೆ ಹಾನಿಯೇ ಹೆಚ್ಚು.

ಹೊದಿಕೆ ಎಲ್ಲಿರಬೇಕು?

ಹಗಲು ಬಿಸಿಲಿನಿಂದ ಪಡೆದ ಶಾಖವನ್ನು ಮಣ್ಣು ರಾತ್ರಿ ಹೊರಬಿಡುತ್ತದೆ. ಸಸಿಯ ಬುಡದಲ್ಲಿ ಹುಲ್ಲು ಹರಡಿದರೆ ಹಗಲು ಮಣ್ಣು ಚೆನ್ನಾಗಿ ಕಾಯದು. ರಾತ್ರಿ ಅದರ ಶಾಖ ಎಲೆಗಳಿಗೆ ತಲುಪದು. ಆದ್ದರಿಂದ ಹಿಮದ ತಿಂಗಳುಗಳಲ್ಲಿ ಸಸಿಮಡಿಯ ನೆಲ ಬರಿದಾಗಿರಬೇಕು, ಹೊದಿಕೆ ಸಸಿಗಳ ಮೇಲಿರಬೇಕು.

ಹಲಗೆಯ ಗುಣ

ಥರ್ಮಾಕೋಲ್ ಹಲಗೆ ಶಾಖವನ್ನು ತಡೆಯುವುದು ಅದರ ಸಣ್ಣ ಗೂಡುಗಳಲ್ಲಿ ನಿಂತ ಗಾಳಿಯಿಂದ. ಬೆಳೆ ತ್ಯಾಜ್ಯದಿಂದಲೂ ಇಂಥ ಹಗುರ ಹಲಗೆ ಮಾಡಬಹುದು. ಕತ್ತರಿಸಿದ ತ್ಯಾಜ್ಯವನ್ನು ನೆನೆಸಿ, ಕಾಯಿಸಿ ಶುದ್ಧಮಾಡಿ, ಅಣಬೆ ಬೀಜ ಬೆರೆಸಿ ಅಚ್ಚಿನಲ್ಲಿ ತುಂಬುತ್ತಾರೆ. ಕೆಲವೇ ದಿನಗಳಲ್ಲಿ ಅಣಬೆಯ ಎಳೆಗಳು ಎಲ್ಲವನ್ನೂ ಹೆಣೆದು ಗಟ್ಟಿ ಮಾಡುತ್ತವೆ. ಬಳಿಕ ಬಿಸಿಯಲ್ಲಿ ಒಣಗಿಸಿ ಅಣಬೆಯ ಬೆಳವಣಿಗೆ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ಇಕೊವೇಟಿವ್ ಸಂಸ್ಥೆ ಈ ಕ್ರಮವನ್ನು ಬಳಕೆಗೆ ತಂದಿತು.

ಹಲಗೆ ಸಿಗದವರು ಬಿದಿರಿನ ದಬ್ಬೆಗಳ ನಡುವೆ ಒಣಹುಲ್ಲನ್ನು ಸುಮಾರು 5 ಸೆಂ.ಮೀ. ದಪ್ಪ ತುಂಬಿ ತಡಿಕೆ ಕಟ್ಟಬಹುದು. ಹುಲ್ಲಿನ ನಡುವೆ ನಿಂತ ಗಾಳಿಯೂ ಇದೇ ಕೆಲಸ ಮಾಡುತ್ತದೆ.

ಬಳಸುವ ಕ್ರಮ

1. ಹಿಮದ ಸೂಚನೆ ಕಂಡಾಗ ಒಂದು ದಿನ ಮುಂಚೆ ಮಡಿಗೆ ನೀರು ಕೊಡಿ. ಒಣ ಮಣ್ಣಿಗಿಂತ ತೇವದ ಮಣ್ಣು ಹೆಚ್ಚು ಶಾಖ ಹಿಡಿಯುತ್ತದೆ.

2. ಗೂಟಗಳ ಮೇಲೆ, ಎಲೆಗಳಿಗೆ ತಾಗದಂತೆ, ಸೂರ್ಯ ಮುಳುಗುವ ಮೊದಲೇ ಹಲಗೆ ಅಥವಾ ತಡಿಕೆ ಹೊದಿಸಿ. ಬದಿಗಳನ್ನೂ ನೆಲದವರೆಗೆ ಮುಚ್ಚಿ.

3. ಬೆಳಿಗ್ಗೆ ಬಿಸಿಲೇರಿ ಹಿಮ ಕರಗಿದ ಮೇಲೆ ತೆಗೆಯಿರಿ. ಹಗಲು ಮುಚ್ಚಿಟ್ಟರೆ ಮಣ್ಣು ಕಾಯುವುದಿಲ್ಲ.

4. ತೆಗೆದದ್ದನ್ನು ಒಣಗಿಸಿ, ಬೆಂಕಿ ಮತ್ತು ಇಲಿಗಳಿಂದ ದೂರವಿಡಿ. ನೆನೆದ ಹುಲ್ಲಿನಲ್ಲಿ ಗಾಳಿಯ ಜಾಗವನ್ನು ನೀರು ಆಕ್ರಮಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತದೆ.

ಈ ವಿಧಾನ ಸಸಿಮಡಿಗಳಿಗೆ ಮತ್ತು ಚಿಕ್ಕ ತರಕಾರಿ ಪಾತಿಗಳಿಗೆ ತಕ್ಕದ್ದು; ಇಡೀ ಚಹಾ ತೋಟಕ್ಕಲ್ಲ. ತಣ್ಣನೆಯ ಗಾಳಿ ತಗ್ಗಿಗೆ ಹರಿದು ನಿಲ್ಲುವುದರಿಂದ, ಹೊಸ ಸಸಿಮಡಿಯನ್ನು ಕಣಿವೆಯ ತಳದಲ್ಲಿ ಮಾಡದೆ ಇಳಿಜಾರಿನ ಮೇಲ್ಭಾಗದಲ್ಲಿ ಮಾಡುವುದು ಲೇಸು.