ಗಣಕಯಂತ್ರದಲ್ಲಿ ಶಿಲ್ಪಕಲೆ

ಚಿತ್ರಕ್ಕೆ ಉದ್ದ, ಅಗಲ ಎಂಬ ಎರಡೇ ಆಯಾಮಗಳು. ಶಿಲ್ಪಕ್ಕೆ ಆಳವೆಂಬ ಮೂರನೆಯದೂ ಉಂಟು. ಗಣಕಯಂತ್ರದ ಮೂರು ಆಯಾಮದ ಕಲೆಯನ್ನು ನೋಡುವುದು ಚಪ್ಪಟೆ ಪರದೆಯ ಮೇಲೆ. ಕಟ್ಟುವುದು ಮಾತ್ರ ಶಿಲ್ಪಿಯ ರೀತಿಯಲ್ಲಿ. ಇದು ಬೆಂಗಳೂರಿನ ಇಂಜಿನಿಯರುಗಳ ಸೊತ್ತು, ಬಿ.ಎ. ಓದುವವರಿಗೆ ಸಲ್ಲದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಎಷ್ಟರಮಟ್ಟಿಗೆ ಸರಿಯೆಂದು ವಿಚಾರಿಸೋಣ.

ಮೊದಲು ಉಪಕರಣದ ಮಾತು. ಹಾಲೆಂಡಿನ ಟಾನ್ ರೂಸೆಂಡಾಲ್ 1994ರಲ್ಲಿ ಬ್ಲೆಂಡರ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಅದನ್ನು ಮಾರುತ್ತಿದ್ದ ಕಂಪನಿ ಮುಚ್ಚಿಹೋದಾಗ, ಬಳಸುವವರೇ 1 ಲಕ್ಷ ಯೂರೋ ವಂತಿಗೆ ಕೂಡಿಸಿ 2002ರಲ್ಲಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಸರ್ವರಿಗೂ ಉಚಿತ. ಅದರಲ್ಲಿಯೇ ತಯಾರಾದ ಲಾಟ್ವಿಯಾದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಬಡವನ ಉಪಕರಣವೆಂದು ಯಾರೂ ಹಗುರಾಗಿ ಕಾಣುವಂತಿಲ್ಲ.

ಇನ್ನು ಕಲಿಯುವ ಕ್ರಮ. ತಂತ್ರಾಂಶವನ್ನು ತೆರೆದೊಡನೆ ಒಂದು ಘನಾಕೃತಿ ಕಾಣುತ್ತದೆ: 8 ಬಿಂದು, 12 ಅಂಚು, 6 ಮುಖ. ಎಷ್ಟೇ ಜಟಿಲವಾದ ಆಕೃತಿಯೂ ಈ ಮೂರರಿಂದಲೇ ಆದುದು. ಬಿಂದುವನ್ನು ಸರಿಸುವುದು, ಮುಖವನ್ನು ಹೊರಗೆಳೆಯುವುದು, ಅಂಚನ್ನು ಸೀಳುವುದು — ಇವೇ ಮೊದಲ ಪಾಠಗಳು.

ಒಂದು ಉದಾಹರಣೆ ನೋಡಿರಿ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಂಬಗಳು ಕಡೆದಂತೆ ನುಣುಪಾಗಿ ದುಂಡಗಿವೆ. ಅಂಥ ಕಂಬವನ್ನು ರಚಿಸಲು ಅದರ ಒಂದು ಪಕ್ಕದ ಅಂಕುಡೊಂಕಿನ ರೇಖೆಯನ್ನಷ್ಟೇ 20 ಬಿಂದುಗಳಿಂದ ಬರೆದು, ನಡು ಅಕ್ಷದ ಸುತ್ತ 32 ಹೆಜ್ಜೆಗಳಲ್ಲಿ ತಿರುಗಿಸಬೇಕು. ಆಗ 640 ಬಿಂದುಗಳೂ 608 ಮುಖಗಳೂ ಉಂಟಾಗಿ ಕಂಬ ಎದ್ದು ನಿಲ್ಲುತ್ತದೆ. ಕುಂಬಾರನ ತಿಗರಿಯ ತತ್ತ್ವವೂ ಇದೇ. ತಿಗರಿಯ ಮೇಲೆ ಗಡಿಗೆ ಏಳುವುದನ್ನು ಕಂಡವನಿಗೆ ಇದರ ಮರ್ಮ ಅರ್ಧ ತಿಳಿದಂತೆಯೇ ಸರಿ.

ಆಕೃತಿಯಾದ ಮೇಲೆ ಬಣ್ಣ, ಬೆಳಕು. ಕಲ್ಲಿನ ಒರಟುತನ ತೋರಬೇಕಾದರೆ ದೀಪವನ್ನು ಎದುರಿಗಿಡದೆ ಪಕ್ಕಕ್ಕಿಡಬೇಕು. ನೆರಳಿಲ್ಲದೆ ಆಳ ಕಾಣದು. ಚಲನೆ ಬೇಕಾದರೆ ಸೆಕೆಂಡಿಗೆ 24 ಚಿತ್ರಗಳು ಬೇಕು. 10 ಸೆಕೆಂಡಿಗೆ 240. ಆದುದರಿಂದ ತಾಳ್ಮೆಯೇ ಇಲ್ಲಿ ಮೊದಲ ಬಂಡವಾಳ.

ತೊಡಕುಗಳಿಲ್ಲವೆಂದಲ್ಲ. ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ನನ್ನಂತೆ ಮನೆತನದಲ್ಲಿ ಮೊದಲಿಗನಾಗಿ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಸ್ವಂತ ಯಂತ್ರವೂ ಇರುವುದಿಲ್ಲ. “ಇದರಿಂದ ಹೊಟ್ಟೆ ತುಂಬೀತೇನಪ್ಪಾ?” ಎಂದು ಹಿರಿಯರು ಕೇಳುವುದು ಸಹಜ. ಕರ್ನಾಟಕ ಸರ್ಕಾರ 2012ರಲ್ಲಿಯೇ ಈ ಉದ್ಯಮಕ್ಕೊಂದು ನೀತಿಯನ್ನು ರೂಪಿಸಿತು, ಕೆಲಸಗಳು ಉಂಟು. ಆದರೆ ಅವು ಪ್ರಮಾಣಪತ್ರಕ್ಕಿಂತ ಕೈಕೆಲಸದ ಮಾದರಿಯನ್ನು ಕೇಳುತ್ತವೆ. ಕೆಲಸ ಸಿಕ್ಕೇ ಸಿಗುವುದೆಂದು ಹೇಳಲಾಗದು. ಮಾದರಿಯಿಲ್ಲದವನಿಗೆ ಸಿಗದು ಎಂಬುದು ಮಾತ್ರ ಖಂಡಿತ.

ಹಾಗಾದರೆ ಮಾದರಿ ಯಾವುದು? ಕೆಂಭಾವಿ, ಶಹಾಪುರ, ಸುರಪುರಗಳ ಸುತ್ತಿನ ಹಳೆಯ ಗುಡಿ, ಬಾವಿ, ಮನೆಗಳೇ ಸಾಕು. ಮಳೆ ಬಿಸಿಲಿಗೆ ಸವೆಯುತ್ತಿರುವ ಒಂದೊಂದು ಕಂಬವನ್ನು ನೂಲುದಾರ ಹಿಡಿದು ಅಳೆದು, ಇತಿಹಾಸದ ಅಧ್ಯಾಪಕರಿಂದ ಅದರ ಕಾಲವನ್ನು ತಿಳಿದು, ಯಂತ್ರದಲ್ಲಿ ಕಟ್ಟಿಟ್ಟರೆ ಕಲೆಯೂ ಕಲಿತಂತಾಯಿತು, ಊರಿನ ದಾಖಲೆಯೂ ಉಳಿದಂತಾಯಿತು. ಅಳತೆ ಇಂಜಿನಿಯರನದಾಗಬಹುದು, ಯಾವುದನ್ನು ಅಳೆಯಬೇಕೆಂಬ ವಿವೇಕ ಕಲಾ ವಿಭಾಗದ್ದು. ಮಿತ್ರರು ಈ ಕಾರ್ಯಕ್ಕೆ ವಾರಕ್ಕೆ ಎರಡು ಗಂಟೆಯನ್ನಾದರೂ ಮೀಸಲಿಡಲೆಂದು ಹಾರೈಸುತ್ತೇನೆ.